ಎಂಟನೆಯ ಪ್ರಶ್ನೆ

ಅವರು ಕೂತದ್ದನ್ನು ನಾನು ಎರಡೇ ಸಲ ನೋಡಿದ್ದು. ಮೊದಲ ಸಲ ಅವರನ್ನು ಕೂರಿಸಿದವಳು ನಾನೇ.

ಹೋದ ತಿಂಗಳು ಆ ಡಾಕ್ಟರು ತೀರಿಕೊಂಡರೆಂದು ಫೋನಿನ ಗುಂಪಿನಲ್ಲಿ ಸುದ್ದಿ ಬಂತು. ಜೊತೆಗೊಂದು ಫೋಟೊ. ಕುರ್ಚಿಯಲ್ಲಿ ಕೂತು, ಶಾಲು ಹೊದ್ದು, ಎರಡೂ ಕೈಯನ್ನು ಮಂಡಿಯ ಮೇಲೆ ಇಟ್ಟುಕೊಂಡಿದ್ದರು. ನಿವೃತ್ತಿಯ ದಿನ ತೆಗೆದದ್ದಿರಬೇಕು. ಗುಂಪಿನವರೆಲ್ಲ ಕೈಮುಗಿದ ಚಿತ್ರ ಹಾಕುತ್ತಿದ್ದರು. ಇದು ಅವರಲ್ಲ, ಬೇರೆ ಯಾರೋ ಎಂದು ನನಗೆ ಅನ್ನಿಸಿತು. ಆಗ ನಾನು ಬಿಟ್ಟಂಗಾಲದ ಒಂದು ಮನೆಯ ಅಂಗಳದಲ್ಲಿ ನಿಂತಿದ್ದೆ, ಕೈಯಲ್ಲಿ ಕೋಳಿ ಲಸಿಕೆಯ ಸೀಸೆ ಇತ್ತು. ಸೀಸೆ ತೆರೆದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅಳುತ್ತ ಕೂರಲು ಸಮಯವಿರಲಿಲ್ಲ. ಮನೆಯವರು ತಂದಿಟ್ಟ ಕುರ್ಚಿ ಹಾಗೇ ಖಾಲಿ ಇತ್ತು.

ನಾನು ಅಮ್ಮತ್ತಿ ಕಡೆಯ ಒಂದು ಪಶು ಆಸ್ಪತ್ರೆಯಲ್ಲಿ ಪರೀಕ್ಷಕಿ, ಅಂದರೆ ಡಾಕ್ಟರ ಕೈಕೆಳಗಿನ ಕೆಲಸ. ದನಕ್ಕೆ ಸೂಜಿ, ನಾಯಿಗೆ ಸೂಜಿ, ಹಂದಿಗೆ ಸೂಜಿ, ನಡುನಡುವೆ ಮೇಲಿನವರು ಕೇಳಿದ ಪಟ್ಟಿಗಳನ್ನೆಲ್ಲ ತುಂಬಿ ಕಳಿಸುವುದು. ಅವರು ಬೆಂಗಳೂರಿನಲ್ಲಿ ಲಸಿಕೆ ತಯಾರಿಸುವ ಸಂಸ್ಥೆಯೊಂದರ ಕೋಳಿ ವಿಭಾಗದ ಡಾಕ್ಟರು, ಕೋಲಾರದ ಕಡೆಯವರು. ನಿವೃತ್ತಿಗೆ ಒಂದು ವರ್ಷ ಇರುವಾಗ ಹೊಸ ಲಸಿಕೆಯೊಂದನ್ನು ಹಳ್ಳಿಯ ಕೋಳಿಗಳ ಮೇಲೆ ಪರೀಕ್ಷೆ ಮಾಡಬೇಕೆಂದು ಕೊಡಗಿಗೆ ಬಂದರು. ಅವರ ಜೊತೆ ಮನೆಮನೆ ತಿರುಗಲು ನನ್ನನ್ನು ಹಾಕಿದರು. "ಹುಷಾರಮ್ಮ, ಆ ಮನುಷ್ಯ ಕೂರುವುದಿಲ್ಲ, ಕೂರಲು ಬಿಡುವುದೂ ಇಲ್ಲ," ಎಂದು ನಮ್ಮ ಆಸ್ಪತ್ರೆಯ ಡಾಕ್ಟರು ಮೊದಲೇ ಎಚ್ಚರಿಸಿದ್ದರು.

ಬಂದ ದಿನವೇ ಸೀದಾ ನಮ್ಮ ಫ್ರಿಜ್ಜಿನ ಮುಂದೆ ನಿಂತರು. ಅಂಗಿಯ ಜೇಬಿನಲ್ಲಿ ಪೆನ್ನು ಇರಬೇಕಾದ ಕಡೆ ಥರ್ಮಾಮೀಟರ್ ಇತ್ತು. ಬಾಗಿಲು ತೆಗೆದರು. ಒಳಗೆ ಹಸುವಿನ ಲಸಿಕೆಯ ಪಕ್ಕದಲ್ಲಿ ಅರ್ಧ ಲೀಟರ್ ಮೊಸರು, ಯಾರದೋ ಮೀನಿನ ಡಬ್ಬಿ. ನಾನು ಮೊಸರು ತೆಗೆಯಲು ಹೋದೆ. ಅವರು ತಡೆದು ಲಸಿಕೆಯ ಪೆಟ್ಟಿಗೆಯನ್ನು ತೆಗೆದರು. "ಮೊಸರು ಇರ್ಲಿ ಬಿಡಿ ಮೇಡಂ. ಈ ಮನೆ ಮೊಸರಿಗೆ ಪರವಾಗಿಲ್ಲ, ಲಸಿಕೆಗೆ ಆಗಲ್ಲ." ಮಳೆಗಾಲದಲ್ಲಿ ಎಷ್ಟು ದಿನ ಕರೆಂಟು ಹೋಗುತ್ತದೆ ಎಂದು ಕೇಳಿದರು. ಮರ ಬಿದ್ದರೆ ನಾಲ್ಕೈದು ದಿನ ಎಂದೆ. ಬೈಯುತ್ತಾರೆ ಅಂದುಕೊಂಡರೆ ಖುಷಿಯಾದರು. "ಅದಕ್ಕೇ ಇಲ್ಲಿಗೆ ಬಂದಿದ್ದು," ಎಂದರು.

ಅವರ ಹೊಸ ಲಸಿಕೆಯ ವಿಷಯ ಇಷ್ಟೇ. ಬೇಸಿಗೆ ಬಂತೆಂದರೆ ನಾಟಿ ಕೋಳಿಗಳಿಗೆ ಕೊಕ್ಕರೆ ರೋಗ ಬರುತ್ತದೆ. ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕಿ, ವಾರದೊಳಗೆ ಗೂಡೇ ಖಾಲಿ. ಇದಕ್ಕೆ ಲಸಿಕೆ ಇಲ್ಲವೆಂದಲ್ಲ. ಒಳ್ಳೆಯದೇ ಇದೆ, ಆದರೆ ಅದು ಐಸಿನಿಂದ ಹೊರಗೆ ಬಂದರೆ ಸಾಯುತ್ತದೆ, ಸೂಜಿ ಬೇಕು, ಸೀಸೆಯೊಂದರಲ್ಲಿ ನೂರಾರು ಕೋಳಿಗಾಗುವಷ್ಟು ಇರುತ್ತದೆ. ತೋಟದ ನಡುವಿನ ಒಂಟಿ ಮನೆಯಲ್ಲಿ ಎಂಟು ಕೋಳಿ ಸಾಕುವ ಹೆಂಗಸಿಗಾಗಿ ಅದನ್ನು ಯಾರು ಹೊತ್ತು ತರುತ್ತಾರೆ? ಇವರು ಸೆಕೆಗೆ ಸಾಯದ ರೋಗಾಣುವಿನ ತಳಿಯೊಂದನ್ನು ಹಿಡಿದು, ಮೊಟ್ಟೆಯಲ್ಲಿ ಬೆಳೆಸಿ, ಸಣ್ಣ ಸೀಸೆಗಳಲ್ಲಿ ತುಂಬಿಸಿದ್ದರು. ಸೂಜಿ ಬೇಡ, ಕಣ್ಣಿಗೆ ಒಂದು ಹನಿ ಸಾಕು. ತೆರೆಯದ ಸೀಸೆ ಕೆಲವು ದಿನ ಚೀಲದಲ್ಲೇ ಇದ್ದರೂ ಕೆಡುವುದಿಲ್ಲ ಎನ್ನುವುದು ಅವರ ನಂಬಿಕೆ. ನಂಬಿಕೆ ಸಾಲದು, ಹಳ್ಳಿಯಲ್ಲಿ ತೋರಿಸಬೇಕಿತ್ತು.

ಅವರ ಕಾಲು, ಕೈ, ಕಣ್ಣು ಒಂದೂ ಸುಮ್ಮನಿರುತ್ತಿರಲಿಲ್ಲ. ಕಾಫಿಯನ್ನು ನಿಂತೇ ಕುಡಿಯುತ್ತಿದ್ದರು. ಊಟವನ್ನೂ ತಟ್ಟೆ ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ನಿಂತು ಮಾಡುತ್ತಿದ್ದರು. ಲ್ಯಾಬಿನಲ್ಲಿ ಮೂವತ್ತು ವರ್ಷ ಮೊಟ್ಟೆಗಳ ನಡುವೆ ನಿಂತೇ ಕೆಲಸ ಮಾಡಿದ ಅಭ್ಯಾಸ. ಮೊಟ್ಟೆಗೆ ಸಣ್ಣ ತೂತು ಕೊರೆದು ರೋಗಾಣು ಬಿಡುವುದು, ಮೇಣದಿಂದ ಮುಚ್ಚುವುದು, ದಿನವೂ ಬೆಳಕಿಗೆ ಹಿಡಿದು ಒಳಗಿನ ಮರಿ ಬದುಕಿದೆಯೋ ಇಲ್ಲವೋ ನೋಡುವುದು, ಕೊನೆಗೆ ಒಳಗಿನ ನೀರನ್ನು ತೆಗೆದು ಒಣಗಿಸಿ ಪುಡಿ ಮಾಡುವುದು. ಆ ಚಟ ಹೊರಗೂ ಬಿಡುತ್ತಿರಲಿಲ್ಲ. ಅಮ್ಮತ್ತಿಯ ಕ್ಯಾಂಟೀನಿನಲ್ಲಿ ಆಮ್ಲೆಟ್ ಹೇಳಿದರೆ, ಮೊಟ್ಟೆಯನ್ನು ಮೊದಲು ತಮ್ಮ ಕೈಗೆ ಇಸಿದುಕೊಂಡು ಫೋನಿನ ಟಾರ್ಚಿಗೆ ಹಿಡಿಯುತ್ತಿದ್ದರು. ಕ್ಯಾಂಟೀನಿನ ಕಾಕ ಮೊದಮೊದಲು ಸಿಟ್ಟಾದವನು ಆಮೇಲೆ ತಮಾಷೆಗೆ ಇಳಿದ.

"ಎಂತ ಡಾಕ್ಟ್ರೆ, ಒಳಗೆ ಯಾರಾದ್ರೂ ಉಂಟಾ?"

"ಯಾರೂ ಇಲ್ಲ ಕಾಕಾ. ಧೈರ್ಯವಾಗಿ ಒಡೀರಿ."

ಒಮ್ಮೆ ಲ್ಯಾಬಿನಲ್ಲಿ ಒಂದೇ ಒಂದು ಫ್ಲಾಸ್ಕ್ ಸ್ವಲ್ಪ ಕದಡಿದ ಹಾಗೆ ಕಂಡಿತಂತೆ. ಉಳಿದವರಿಗೆ ಅದು ಕಾಣಲೇ ಇಲ್ಲವಂತೆ. ಇವರು ಆ ಸಲ ತಯಾರಿಸಿದ ಲಸಿಕೆಯನ್ನೆಲ್ಲ ಕುದಿಸಿ ಚೆಲ್ಲಿಸಿದರು. ತಿಂಗಳುಗಳ ಕೆಲಸ ಅದು, ಜೊತೆಯವರು ಮಾತು ಬಿಟ್ಟರು. ಯಾಕೆ ಸರ್ ಎಂದು ಕೇಳಿದರೆ, "ಕೋಳಿ ದೂರು ಕೊಡಕ್ಕೆ ಬರಲ್ಲ ಮೇಡಂ. ಅದಕ್ಕೇ ಭಯ," ಎಂದರು. ಇನ್ನೊಂದು ಮಾತನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. "ಸತ್ತ ಕೋಳಿ ಸುಳ್ಳು ಹೇಳಲ್ಲ. ಬದುಕಿರೋದನ್ನ ಅನುಮಾನದಿಂದ ನೋಡಿ. ಯಾಕೆ ಬದುಕ್ತು ಅಂತ ಕೇಳಿ." ಈ ಮಾತು ನನ್ನ ತಲೆಗೇ ಬಂದು ಬೀಳುತ್ತದೆಂದು ಆಗ ಗೊತ್ತಿರಲಿಲ್ಲ.

ಪರೀಕ್ಷೆ ಎಂದರೆ ಕೆಲವು ಮನೆಯ ಕೋಳಿಗಳಿಗೆ ಹನಿ ಹಾಕಬೇಕು, ಕೆಲವು ಮನೆಗೆ ಹಾಕದೆ ಬಿಡಬೇಕು. ರೋಗ ಬಂದಾಗ ಯಾವುದು ಉಳಿಯಿತು, ಯಾವುದು ಹೋಯಿತು ಎಂದು ನೋಡಬೇಕು. ಬಿಟ್ಟ ಮನೆಗಳಿಗೆ ಎಲ್ಲ ಮುಗಿದ ಮೇಲೆ ಹಾಕಿಕೊಡುತ್ತೇವೆಂದು ಮಾತು ಕೊಟ್ಟಿದ್ದರು. ಯಾರಿಗೆ ಹಾಕಬೇಕು ಎನ್ನುವುದನ್ನು ಅವರು ಆರಿಸುವಂತಿಲ್ಲ, ನಾನೂ ಆರಿಸುವಂತಿಲ್ಲ, ಚೀಟಿ ಎತ್ತಬೇಕು. ಚೀಟಿಯ ಬದಲು ಅವರು ಕಾಫಿ ಬೀಜವನ್ನೂ ಕರಿಮೆಣಸನ್ನೂ ತಂದರು. ಕಾಫಿ ಬಂದರೆ ಹನಿ, ಮೆಣಸು ಬಂದರೆ ಇಲ್ಲ. ಮೊದಲನೇ ಮನೆಯ ಯಜಮಾನರು ಚೀಲದೊಳಗೆ ಕೈಬಿಟ್ಟು, ಬೆರಳಲ್ಲೇ ತಡಕಿ, ನಗುತ್ತ ಕಾಫಿ ಬೀಜವನ್ನೇ ಎತ್ತಿಕೊಟ್ಟರು. ಹುಟ್ಟಿದಾಗಿನಿಂದ ಕಾಫಿ, ಮೆಣಸು ಮುಟ್ಟಿದ ಬೆರಳದು, ಕಣ್ಣೇ ಬೇಕಿಲ್ಲ. ಡಾಕ್ಟರಿಗೆ ನಾಚಿಕೆಯಾಯಿತು. ಆಮೇಲೆ ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಉಂಡೆ ಮಾಡಿದರು. ಕಾಫಿ ಬಂದರೆ ಹನಿ, ಮೆಣಸು ಬಂದರೆ ಇಲ್ಲ. ನಮ್ಮ ಮಾತಿನಲ್ಲಿ ಕಾಫಿ ಮನೆ, ಮೆಣಸಿನ ಮನೆ ಎಂದೇ ಆಯಿತು.

ಬಿಟ್ಟಂಗಾಲದಲ್ಲಿ ವಯಸ್ಸಾದ ಹೆಂಗಸೊಬ್ಬರ ಮನೆ. ನಮ್ಮ ಹಾಗೆ ಮನೆಯಲ್ಲಿ ಅರೆಭಾಷೆ ಆಡುವವರು. ನಾನು ಅವ್ವಾ ಎಂದು ಕರೆಯುತ್ತಿದ್ದೆ. ಅವರಿಗೆ ಮೆಣಸು ಬಂತು. ಬಿಚ್ಚಿ ನೋಡಿ ಮುಖ ಅರಳಿತು. "ನಂಗೆ ಮೆಣಸ್ ಬಂತ್! ಮೆಣಸಿಗೆ ಈಗ ಒಳ್ಳೆ ರೇಟ್ ಉಟ್ಟು," ಎಂದು ನಕ್ಕರು. ಕಾಫಿಗಿಂತ ದೊಡ್ಡದೇ ಸಿಕ್ಕಿತೆಂದು ಅವರ ಲೆಕ್ಕ. ಹನಿ ಇಲ್ಲವೆಂದು ನಾನು ವಿವರಿಸಿದ ಮೇಲೆ ಅವರು ಮೆಣಸನ್ನು ಸೆರಗಿಗೆ ಕಟ್ಟಿಕೊಂಡರು. ಒಳಗಿಂದ ಕುರ್ಚಿ ತಂದು ಡಾಕ್ಟರಿಗೆ ಹಾಕಿದರು, ಡಾಕ್ಟರು ಕೂರಲಿಲ್ಲ, ಕಾಫಿಯನ್ನು ನಿಂತು ಕುಡಿದು ಪಕ್ಕದ ಮನೆಗೆ ಹೊರಟರು. ಪಕ್ಕದ ಮನೆಗೆ ಕಾಫಿ ಬೀಜ ಬಂತು.

ಮರುವಾರ ಪಕ್ಕದ ಮನೆಗೆ ಹನಿ ಹಾಕಲು ನಾನೊಬ್ಬಳೇ ಹೋಗಿದ್ದೆ. ಬೆಳಿಗ್ಗೆ ಗೂಡು ಬಿಡುವ ಮೊದಲು ಹಾಕಬೇಕು. ಮುಗಿಸಿ ಬರುವಾಗ ಅವ್ವ ಬೇಲಿಯ ಹತ್ತಿರ ನಿಂತಿದ್ದರು. ಕಂಕುಳಲ್ಲಿ ಒಂದು ಕೆಂಪು ಹುಂಜ.

"ಇದ್ ಕಾರ್ಣೋರಿಗೆ ಬುಟ್ಟ ಹುಂಜ ಮಗಳೇ," ಎಂದರು.

ನನಗೆ ಬೇರೆ ವಿವರಣೆ ಬೇಕಿರಲಿಲ್ಲ. ವರ್ಷಕ್ಕೊಂದು ದಿನ ಮನೆಯಲ್ಲಿ ತೀರಿಹೋದ ಹಿರಿಯರಿಗೆ, ಕಾರಣೋರಿಗೆ, ಬಾಳೆ ಎಲೆ ಹಾಕಿ ಬಡಿಸುತ್ತೇವೆ. ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಅದಕ್ಕೆ ಮನೆಯಲ್ಲೇ ಮೊಟ್ಟೆಯೊಡೆದು ಬೆಳೆದ ಹುಂಜವೇ ಆಗಬೇಕು. ಮರಿಯಾಗಿರುವಾಗಲೇ ಇದು ಅವರದು ಎಂದು ಮೀಸಲಿಟ್ಟರೆ ಆಮೇಲೆ ಅದನ್ನು ಮಾರುವುದಿಲ್ಲ, ನೆಂಟರು ಬಂದರೂ ಕೊಯ್ಯುವುದಿಲ್ಲ.

"ಹೋದ ವರ್ಷ ರೋಗ ಬಂದ್ ಎಲ್ಲ ಸತ್ತ್ ಹೋತ್. ಅಮ್ಮತ್ತಿ ಅಂಗ್ಡಿಂದ ಬಿಳಿ ಕೋಳಿ ತಂದ್ ಬಡಿಸ್ದೊ. ಅಂಗ್ಡಿ ಕೋಳಿ ಕಾರ್ಣೋರಿಗೆ ಆಕಿಲ್ಲೆ. ಆ ತಿಂಗಳೇ ಇವು ಮೆಣಸಿನ ಏಣಿಂದ ಬಿದ್ದದ್."

'ಇವು' ಎಂದರೆ ಅವರ ಯಜಮಾನರು. ಒಳಗೆ ಮಂಚದಲ್ಲಿ ಮಲಗಿದವರು ಆಗಲೇ ಕೆಮ್ಮಿದರು. ಅಂಗಡಿ ಕೋಳಿ ಬಡಿಸಿದ್ದಕ್ಕೇ ಬಿದ್ದರೆಂದು ಅವ್ವ ಹೇಳಲಿಲ್ಲ. ಎರಡನ್ನೂ ಒಟ್ಟಿಗೆ ಹೇಳಿದರು, ಅಷ್ಟೇ.

ಸೀಸೆಯಲ್ಲಿ ಇನ್ನೂ ಹನ್ನೆರಡು ಹನಿಯಾದರೂ ಉಳಿದಿತ್ತು. ಉಳಿದದ್ದನ್ನು ಹೂಳಬೇಕೆಂದು ಡಾಕ್ಟರ ಅಪ್ಪಣೆ. ಅವ್ವನ ಕೋಳಿ ಒಂಬತ್ತು. ನಾನು ಯೋಚಿಸಲಿಲ್ಲ ಎಂದರೆ ಸುಳ್ಳು. ಯೋಚಿಸಿದೆ, ನಮ್ಮ ಮನೆಯ ಎಲೆಯೂ ನೆನಪಾಯಿತು, ಹಾಕಿದೆ. ಒಂದೊಂದನ್ನೇ ಗೂಡಿನಿಂದ ತೆಗೆದು ಎಡಗಣ್ಣಿಗೆ ಒಂದೊಂದು ಹನಿ. ಕೊನೆಗೆ ಹುಂಜಕ್ಕೆ. ಅದು ಎರಡು ಸಲ ಕಣ್ಣು ಪಿಳುಕಿಸಿತು. ಡಾಕ್ಟರಿಗೆ ಹೇಳಬೇಡಿ ಎಂದು ಹೇಳಿ ಬಂದೆ.

ಮಾರ್ಚಿನಲ್ಲಿ ರೋಗ ಬಂತು. ಮೆಣಸಿನ ಮನೆಗಳ ಗೂಡುಗಳು ಒಂದೊಂದಾಗಿ ಖಾಲಿಯಾದವು. ಕಾಫಿ ಮನೆಗಳ ಕೋಳಿ ತಿಪ್ಪೆ ಕೆದಕುತ್ತ ಆರಾಮವಾಗಿದ್ದವು. ಲಸಿಕೆ ಗೆದ್ದಿತ್ತು, ಆದರೆ ಗೆದ್ದ ಮುಖ ಡಾಕ್ಟರದಾಗಿರಲಿಲ್ಲ. ಒಂದು ಮೆಣಸಿನ ಮನೆಯ ಹೆಂಗಸು, "ಔಷಧ ಚೀಲದಲ್ಲಿ ಇಟ್ಕೊಂಡು ನಮ್ಮ ಕೋಳಿ ಸಾಯುದು ನೋಡ್ಲಿಕ್ಕೆ ಬಂದದ್ದಾ ನೀವು?" ಎಂದು ಅಂಗಳದಲ್ಲೇ ನಿಲ್ಲಿಸಿ ಬೈದಳು. ಅವರು ಬಿಸಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಗುದ್ದಲಿ ಕೇಳಿ ಪಡೆದು ತಾವೇ ಗುಂಡಿ ತೋಡಿದರು, ಸುಣ್ಣ ಹಾಕಿ ಮುಚ್ಚಿದರು. ದಾರಿಯುದ್ದಕ್ಕೂ ಬೆರಳುಗಳು ಚೀಲದ ಮೇಲೆ ತಾಳ ಹಾಕುತ್ತಲೇ ಇದ್ದವು.

ಅಲ್ಲಿಂದ ಅವ್ವನ ಮನೆಗೆ ಹೋದೆವು. ಅಂಗಳದಲ್ಲಿ ಕೋಳಿಗಳು ಮೇಯುತ್ತಿದ್ದವು. ಡಾಕ್ಟರು ಎಣಿಸಿದರು. ಎಂಟು. "ಒಂಬತ್ತು ಇತ್ತಲ್ವಾ? ಹುಂಜ ಎಲ್ಲಿ?" ಎಂದರು. ಅವ್ವ, "ತೋಟಕ್ಕೆ ಹೋಗಿ ಉಂಟು, ಚೆನ್ನಾಗೇ ಉಂಟು," ಎಂದರು. ಮೆಣಸಿನ ಮನೆಯಲ್ಲಿ ಒಂದೂ ಸತ್ತಿಲ್ಲ! ಅವರು ಅವ್ವನನ್ನು ಕೇಳಿದರು, "ಯಾರಾದ್ರೂ ಇವಕ್ಕೆ ಹನಿ ಹಾಕಿದ್ರಾ ಅವ್ವಾ?" ಅವ್ವ ನನ್ನ ಮುಖ ನೋಡಿ "ಇಲ್ಲ" ಎಂದರು. ಎಂಟು ಕೋಳಿಗಳ ರೆಕ್ಕೆಯಿಂದ ಒಂದೊಂದು ತೊಟ್ಟು ರಕ್ತ ತೆಗೆದುಕೊಂಡೆವು. ಜೀಪಿನಲ್ಲಿ ನನ್ನನ್ನೂ ಕೇಳಿದರು. "ನೀವು ಹಾಕಿಲ್ಲ ಅಲ್ವಾ ಮೇಡಂ?"

ನಾನು ಇಲ್ಲವೆಂದು ತಲೆಯಾಡಿಸಿದೆ.

ವಾರದ ನಂತರ ರಕ್ತದ ಫಲಿತಾಂಶ ಬಂತು. ಪಕ್ಕದ ಕಾಫಿ ಮನೆಯ ಕೋಳಿಗಳಲ್ಲಿ ರೋಗ ತಡೆಯುವ ಶಕ್ತಿ ಎಷ್ಟು ಬಂದಿತ್ತೋ ಅಷ್ಟೇ ಇವುಗಳಲ್ಲೂ ಇತ್ತು. ಡಾಕ್ಟರು ಆಸ್ಪತ್ರೆಯ ವರಾಂಡದಲ್ಲಿ ಆ ಕೊನೆಯಿಂದ ಈ ಕೊನೆಗೆ ನಡೆದರು. ನಡೆಯುತ್ತಲೇ ಬಸ್ ಟಿಕೆಟಿನ ಹಿಂದೆ ಚಿತ್ರ ಬರೆದರು. ಇದು ಬೇಲಿ, ಇದು ಎರಡೂ ಮನೆಯ ಕೋಳಿ ಕೆದಕುವ ಗೊಬ್ಬರದ ಗುಂಡಿ, ಉಳಿದ ಮೆಣಸಿನ ಮನೆಗಳಿಗೆ ಹೀಗೆ ಕಾಫಿ ಮನೆ ಅಂಟಿಕೊಂಡಿಲ್ಲ. ಲಸಿಕೆಯ ಜೀವಂತ ರೋಗಾಣು ಹನಿ ಹಾಕಿದ ಕೋಳಿಯಿಂದ ಹಾಕದ ಕೋಳಿಗೆ ತಾನಾಗಿಯೇ ದಾಟಿದೆ! ಹೀಗೆ ಆಗುವುದು ಉಂಟು, ಆದರೆ ಇಷ್ಟು ಚೆನ್ನಾಗಿ ಆದದ್ದನ್ನು ತಾವು ಎಲ್ಲೂ ಕಂಡಿಲ್ಲ ಎಂದರು. "ಗೊತ್ತಾಯ್ತಾ ಮೇಡಂ? ಅಕ್ಕಪಕ್ಕದ ಮನೆಗಳಲ್ಲಿ ಅರ್ಧಕ್ಕೆ ಹಾಕಿದ್ರೆ ಸಾಕು. ಇನ್ನರ್ಧಕ್ಕೆ ಕೋಳಿಗಳೇ ಹಂಚ್ಕೊಳ್ತವೆ. ಎಷ್ಟು ಸೀಸೆ ಉಳಿಯುತ್ತೆ ನೋಡಿ!" ಸೋಮವಾರ ಬೆಂಗಳೂರಿನ ಸಭೆಯಲ್ಲಿ ಇದನ್ನೇ ಹೇಳುವುದೆಂದು ತೀರ್ಮಾನಿಸಿದರು. ಬದುಕಿದ ಕೋಳಿಯನ್ನು ಅನುಮಾನಿಸಿ ಎಂದು ನಮಗೆಲ್ಲ ಬೋಧಿಸಿದ ಮನುಷ್ಯ, ಅನುಮಾನವನ್ನು ಎರಡು ಪ್ರಶ್ನೆಗೇ ಮುಗಿಸಿಬಿಟ್ಟಿದ್ದರು. ನಮ್ಮಿಬ್ಬರ ಮಾತನ್ನು ನಂಬಿದ್ದರು.

ಮೂರು ದಿನ ನಾನು ಹೇಳದೆ ಮುಂದೂಡಿದೆ. ಹೇಳದೆ ಇದ್ದರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸಭೆಯವರು ಹೌದೆಂದರೆ ನಾಳೆ ಅರ್ಧ ಮನೆಗಳನ್ನು ಹನಿ ಇಲ್ಲದೆ ಬಿಡುತ್ತಾರೆ, ಕೋಳಿಗಳೇ ಹಂಚಿಕೊಳ್ಳಲಿ ಎಂದು. ಆ ಮನೆಗಳಲ್ಲಿ ಎಷ್ಟು ಗೂಡು ಖಾಲಿಯಾಗುತ್ತದೆ? ಒಂದು ಹುಂಜ ಉಳಿಸಲು ಹೋಗಿ ನಾನು ಊರೂರಿನ ಕೋಳಿ ಕೊಲ್ಲುವವಳಾಗಿದ್ದೆ. ಹೇಳಿದರೆ ಕೆಲಸಕ್ಕೆ ಕುತ್ತು. ಅದಕ್ಕಿಂತ ಹೆಚ್ಚಾಗಿ, ಆ ಖುಷಿಯ ಮುಖವನ್ನು ನಾನೇ ಕೆಡಿಸಬೇಕಿತ್ತು.

ಶನಿವಾರ ಅವರು ಮೈಸೂರಿನ ಬಸ್ಸಿಗೆ ಕಾಯುತ್ತ ಕಾಕನ ಕ್ಯಾಂಟೀನಿನಲ್ಲಿ ನಿಂತಿದ್ದರು. ಒಂದು ಕೈಯಲ್ಲಿ ಮೊಟ್ಟೆ, ಇನ್ನೊಂದರಲ್ಲಿ ಟಾರ್ಚು. ನಾನು ಹೋಗಿ ಉಸಿರು ಬಿಡದೆ ಹೇಳಿದೆ. "ಸರ್, ಆ ಅವ್ವನ ಮನೆ ಕೋಳಿಗಳಿಗೆ ಹನಿ ಹಾಕಿದ್ದು ನಾನು."

ಅವರು ಕೂತರು. ಅಲ್ಲೇ ಇದ್ದ ಬೆಂಚಿನ ಮೇಲೆ, ನಿಧಾನಕ್ಕೆ. ಟಾರ್ಚು ಆರಿಸುವುದನ್ನೂ ಮರೆತಿದ್ದರು. ಕಾಕ ಗಾಬರಿಯಾಗಿ ಓಡಿ ಬಂದ. "ಡಾಕ್ಟ್ರಿಗೆ ಎಂತ ಆಯ್ತು? ನೀರು ತರ್ಲಾ?" ಅವರು ಕೂತದ್ದನ್ನು ಅವನೂ ನೋಡಿರಲಿಲ್ಲ.

"ಯಾವ ಕಣ್ಣು?" ಎಂದರು ಡಾಕ್ಟರು.

"ಎಡ, ಸರ್."

"ಎಷ್ಟು ಹನಿ?"

"ಒಂದೊಂದೇ."

"ಸೀಸೆ ತೆರೆದು ಎಷ್ಟು ಹೊತ್ತಾಗಿತ್ತು?"

"ಒಂದು ಗಂಟೆ ಆಗಿರಬಹುದು."

ಎಲ್ಲವನ್ನೂ ಬರೆದುಕೊಂಡರು. ಬರೆದಾದ ಮೇಲೆ ಪುಸ್ತಕ ಮುಚ್ಚಿದರು. "ನಾನು ಕೇಳಿದೆನಲ್ಲ ಮೇಡಂ. ಬಾಯಿಬಿಟ್ಟು ಕೇಳಿದೆನಲ್ಲ." ದನಿ ಏರಲಿಲ್ಲ, ಅದೇ ಕಷ್ಟವಾಯಿತು. "ನಿಮಗೆ ಕಣ್ಣೆದುರಿನ ಒಂದು ಕೋಳಿ ಕಾಣಿಸ್ತು. ನಾನು ಕಾಣದೇ ಇರೋ ಕೋಳಿಗಳನ್ನೂ ನೋಡ್ಬೇಕಲ್ಲ."

"ಅದು ಕಾರಣೋರ ಹುಂಜ ಸರ್."

"ಹಾಗಂದ್ರೆ?"

ಅಷ್ಟರಲ್ಲಿ ಬಸ್ಸು ಬಂತು. ಅವರು ಮೊಟ್ಟೆಯನ್ನು ಕಾಕನ ಕೈಗಿಟ್ಟು ಹತ್ತಿ ಹೋದರು.

ವರದಿಯಲ್ಲಿ ಅವರು ಇದ್ದದ್ದನ್ನು ಇದ್ದ ಹಾಗೆ ಬರೆದರು. ಒಂದು ಮನೆಯಲ್ಲಿ ಹೀಗಾಗಿದ್ದರೆ ಉಳಿದ ಮನೆಗಳನ್ನೂ ನಂಬಲಾಗದು, ಇಡೀ ಪರೀಕ್ಷೆಯನ್ನೇ ಕೈಬಿಡಬೇಕು ಎಂದು ತಾವೇ ಬರೆದರು. ನನ್ನ ಹೆಸರನ್ನೂ ಬರೆದರು. ನನಗೆ ಮೆಮೊ ಬಂತು. ಒಂದು ಮಾತಿಗಾದರೂ 'ಸಿಬ್ಬಂದಿಯೊಬ್ಬರು' ಎಂದು ಬರೆಯಬಹುದಿತ್ತಲ್ಲ ಎಂದು ನಾನು ಅವರನ್ನು ಮನಸ್ಸಿನಲ್ಲೇ ಬೈಯದ ದಿನವಿಲ್ಲ. ಆ ವರ್ಷ ಅವರು ನಿವೃತ್ತರಾದರು. ಕೊನೆಯ ಕೆಲಸವೇ ಹಾಳಾಗಿತ್ತು, ಹಾಳು ಮಾಡಿದವಳು ನಾನು. ಬೈಯುತ್ತಿರುವಾಗಲೂ ಇದು ಗೊತ್ತಿತ್ತು, ಅದಕ್ಕೇ ಸಿಟ್ಟು ಇನ್ನೂ ಜಾಸ್ತಿಯಾಗುತ್ತಿತ್ತು.

ಡಿಸೆಂಬರಿನಲ್ಲಿ ಫೋನು ಬಂತು. "ಮೇಡಂ, ಬುಧವಾರ ಬರ್ತಿದ್ದೀನಿ. ನಿವೃತ್ತಿ ಆದ್ಮೇಲೂ ಪರೀಕ್ಷೆ ಮತ್ತೆ ಮಾಡಕ್ಕೆ ಒಪ್ಪಿಗೆ ಸಿಕ್ತು. ಜೊತೆಗೆ ನೀವೇ ಬೇಕು ಅಂತ ಬರೆದಿದ್ದೀನಿ."

ನನಗೆ ತಡೆಯಲಾಗಲಿಲ್ಲ. "ನನಗೆ ಮೆಮೊ ಕೊಡ್ಸಿದ್ದು ನೀವೇ ಅಲ್ವಾ ಸರ್?"

"ಹೌದು. ಅದೂ ಸರಿಯಾಗಿತ್ತು, ಇದೂ ಸರಿಯಾಗಿದೆ. ನೋಡಿ, ಇಂಥ ಪರೀಕ್ಷೆ ಎಷ್ಟೋ ಊರಲ್ಲಿ ಮಾಡಿದ್ದೀನಿ. ಎಲ್ಲ ಕಡೇನೂ ಯಾರೋ ಒಬ್ರು ಹಾಕೇ ಇರ್ತಾರೆ. ಬಂದು ಹೇಳಿದವರು ನೀವೊಬ್ರೇ." ಸ್ವಲ್ಪ ತಡೆದು, "ಆ ಹುಂಜದ ಕತೆ ಅರ್ಧಕ್ಕೇ ನಿಂತಿತ್ತು. ಮೊದಲು ಅಲ್ಲಿಗೆ ಹೋಗೋಣ," ಎಂದರು.

ಬುಧವಾರ ವಿರಾಜಪೇಟೆಯಲ್ಲಿ ಬಸ್ಸಿಳಿದವರು ಸೀದಾ ಬಿಟ್ಟಂಗಾಲಕ್ಕೆ ಹೊರಟರು. ಅವ್ವ ರೂಢಿಯಂತೆ ಕುರ್ಚಿ ತಂದು ಹಾಕಿದರು. ಹಾಕುವಾಗಲೇ, "ಇವ್ರು ಹೇಗೂ ಕೂರುದಿಲ್ಲ. ನಮ್ಮ ಮನೆ ಮೇಲೆ ಎಂತ ಸಿಟ್ಟೋ," ಎಂದು ಗೊಣಗಿದರು. ಡಾಕ್ಟರು ಕುರ್ಚಿಯನ್ನು ನೋಡಿದರು, ಅವ್ವನನ್ನು ನೋಡಿದರು, ಕೂತರು.

ಇದು ಎರಡನೆಯ ಸಲ. ಕಾಫಿ ಆರುವವರೆಗೂ ಕೂತೇ ಇದ್ದರು. ಅವ್ವ ಹೇಳಿದರು, ಅವರು ಕೇಳಿದರು. ಆ ಕೆಂಪು ಹುಂಜವನ್ನು ಬಡಿಸಿಯಾಗಿತ್ತು, ಈಗ ಇನ್ನೊಂದು ಮರಿ ಮೀಸಲಾಗಿತ್ತು. ಯಾವಾಗ ಆರಿಸುತ್ತೀರಿ, ಗುರುತು ಮಾಡುತ್ತೀರಾ, ಸತ್ತರೆ ಬೇರೆಯದು ಆಗುತ್ತದಾ ಎಂದೆಲ್ಲ ಕೇಳಿದರು.

"ರಕ್ತ ತೆಗೆಯಕ್ಕೆ ಬಂದಾಗ ಅದು ತೋಟಕ್ಕೆ ಹೋಗಿರ್ಲಿಲ್ಲ ಅಲ್ವಾ ಅವ್ವಾ?"

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಅಕ್ಕಿ ಡಬ್ಬದ ಹಿಂದೆ ಬುಟ್ಟಿ ಮುಚ್ಚಿ ಇಟ್ಟಿದ್ದೆ ಡಾಕ್ಟ್ರೆ. ಬಡಿಸುವ ಮೊದಲು ಅದರ ರಕ್ತ ಬೀಳ್ಬಾರ್ದು."

"ಹಾಗಾದ್ರೆ ಸೂಜಿ ಆಗಲ್ಲ. ಹನಿ ಹಾಕಬಹುದಾ?"

"ಹನಿಗೆ ಎಂತ? ಕಣ್ಣಿಗೆ ತಾನೆ," ಎಂದರು ಅವ್ವ.

ಮೂವತ್ತು ವರ್ಷದಲ್ಲಿ ಇದನ್ನು ತಮಗೆ ಯಾರೂ ಹೇಳಿರಲಿಲ್ಲ ಎಂದು ಡಾಕ್ಟರು ನನ್ನ ಕಡೆ ತಿರುಗಿದರು. ಯಾರೂ ಹೇಳಿರಲಿಲ್ಲವೋ, ನೀವು ಕೂತು ಕೇಳಿರಲಿಲ್ಲವೋ ಎಂದು ನಾನು ಬಾಯಿಬಿಟ್ಟು ಅನ್ನಲಿಲ್ಲ. ಅವರಿಗೇ ಹೊಳೆದಿರಬೇಕು, ಕುರ್ಚಿಯ ಕೈ ಮೇಲೆ ಬೆರಳು ತಾಳ ಹಾಕುವುದು ನಿಂತಿತ್ತು.

ಆಮೇಲೆ ಪ್ರತಿ ಮನೆಯಲ್ಲೂ ಅದನ್ನೇ ಕೇಳಿದೆವು. ಒಬ್ಬರ ಮನೆಯಲ್ಲಿ ಕಾರಣೋರಿಗೆ, ಇನ್ನೊಬ್ಬರಲ್ಲಿ ಗುಳಿಗ ದೈವಕ್ಕೆ, ತೋಟದ ಕೂಲಿಯವರ ಲೈನ್ ಮನೆಯಲ್ಲಿರುವ ತಮಿಳು ಕುಟುಂಬದಲ್ಲಿ ಅವರ ಊರಿನ ಮಾರಿಯ ಹರಕೆಗೆ. ಕೇಳುವವರೆಗೆ ಯಾರೂ ಹೇಳದಿದ್ದ ಹುಂಜಗಳು ಅಡುಗೆಮನೆಯಿಂದ, ಸೌದೆ ಕೊಟ್ಟಿಗೆಯಿಂದ ಒಂದೊಂದಾಗಿ ಹೊರಬಂದವು. ಅಂಥ ಮನೆಗಳನ್ನು ಚೀಟಿಯಿಂದ ಹೊರಗಿಟ್ಟು, ಅಲ್ಲಿನ ಎಲ್ಲ ಕೋಳಿಗಳಿಗೂ ಹನಿ ಹಾಕಿಬಿಡಬೇಕೆಂದು ಅವರು ತೀರ್ಮಾನಿಸಿದರು. ಅಂಥ ಕೋಳಿ ಇಲ್ಲದ ಮನೆಯವರು ಮಾತ್ರ ಕಾಫಿ, ಮೆಣಸು ಎತ್ತುವುದು. ಇದರಿಂದ ಬೇಕಾದಷ್ಟು ಮನೆ ಸಿಗದೆ ಎರಡರಷ್ಟು ಊರು ತಿರುಗಬೇಕಾಯಿತು. ಏರಿನಲ್ಲಿ ಅವರ ಉಸಿರು ಕಟ್ಟುತ್ತಿತ್ತು. ಕಾಫಿ ಗಿಡ ಹಿಡಿದು ನಿಲ್ಲುತ್ತಿದ್ದರು, ಕೂರುತ್ತಿರಲಿಲ್ಲ. ನಾನು ಜಗಳವಾಡಿದರೆ, "ಕೂತ್ರೆ ಏಳಕ್ಕಾಗಲ್ಲ ಮೇಡಂ," ಎನ್ನುತ್ತಿದ್ದರು. ತಮಾಷೆ ಎಂದುಕೊಂಡಿದ್ದೆ.

ಆ ಬೇಸಿಗೆ ರೋಗ ಬಂತು. ಕಾಫಿ ಮನೆಗಳು ಉಳಿದವು. ಮೆಣಸಿನ ಮನೆಗಳಲ್ಲಿ ಸತ್ತವು, ಅಲ್ಲಿ ನಾನೂ ಅವರ ಪಕ್ಕದಲ್ಲಿ ನಿಂತು ಬೈಸಿಕೊಂಡೆ, ಗುಂಡಿ ತೋಡಿದೆ. ನನ್ನ ಚೀಲದಲ್ಲಿ ಸೀಸೆ ಇತ್ತು. ಕೈ ಹೋಗಲಿಲ್ಲ ಎನ್ನಲಾರೆ, ಹೋದ ಕೈಯನ್ನು ಹಿಂದೆ ತೆಗೆದುಕೊಂಡೆ. ಈ ಸಲದ ವರದಿಯನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೂ ಲಸಿಕೆ ಇನ್ನೂ ಅಂಗಡಿಗೆ ಬಂದಿಲ್ಲ. ಕಾಗದ ಮೇಜಿನಿಂದ ಮೇಜಿಗೆ ಹೋಗುತ್ತಿದೆ. ಅಲ್ಲಿಯವರೆಗೆ ಸಂಸ್ಥೆಯವರು ಆಗೀಗ ಒಂದಿಷ್ಟು ಸೀಸೆ ನಮ್ಮ ಕಡೆಗೆ ಕಳಿಸುತ್ತಾರೆ. ಡಾಕ್ಟರು ಫೋನು ಮಾಡಿದಾಗಲೆಲ್ಲ ಮೊದಲ ಪ್ರಶ್ನೆ ಅದೇ, "ಎಲ್ಲಿಗೆ ಬಂತು?" ಕೊನೆಯ ಸಲ ಕೇಳಿದಾಗಲೂ ಇನ್ನೂ ಮೇಜಿನ ಮೇಲೇ ಇದೆ ಎಂದೆ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಸುದ್ದಿ ಬಂದ ಆ ಬೆಳಿಗ್ಗೆ ಬಿಟ್ಟಂಗಾಲದ ಅಂಗಳದಲ್ಲಿ ಫೋನನ್ನು ಚೀಲಕ್ಕೆ ಹಾಕಿ, ಫಾರಂ ತೆಗೆದೆ. ಮನೆಯ ಸೊಸೆ ಗೂಡಿನ ಬಾಗಿಲಿಗೆ ಕೈ ಅಡ್ಡ ಇಟ್ಟು ಕಾಯುತ್ತಿದ್ದಳು. ಯಜಮಾನರ ಹೆಸರು, ಕೋಳಿಗಳ ಸಂಖ್ಯೆ, ಹಿಂದೆ ರೋಗ ಬಂದಿತ್ತೇ, ಹೀಗೆ ಏಳು ಪ್ರಶ್ನೆಗಳು ಅಚ್ಚಾದವು. ಎಂಟನೆಯದು ಮಾತ್ರ ಕೈಬರಹ. ಅವ್ವನ ಮನೆಯಿಂದ ಬಂದ ಸಂಜೆ ಆಸ್ಪತ್ರೆಯ ಮೇಜಿನ ಹತ್ತಿರ ನಿಂತುಕೊಂಡೇ ಅವರು ಬರೆದದ್ದು. ಜೆರಾಕ್ಸಿನ ಜೆರಾಕ್ಸ್ ಆಗಿ ಈಗ ಅಕ್ಷರ ಮಾಸಿದೆ, ಆದರೂ ಓದಲು ಬರುತ್ತದೆ. ನಾನು ಜೋರಾಗಿ ಓದಿದೆ.

"ಮನೆಯಲ್ಲಿ ಯಾರಿಗಾದರೂ ಮೀಸಲಿಟ್ಟ ಕೋಳಿ ಇದೆಯೇ?"

ಸೊಸೆ ಗೂಡಿನ ಬಾಗಿಲಿಗೆ ಅಗಳಿ ಹಾಕಿದಳು. ಆಮೇಲೆ ಒಳಗೆ ಹೋಗಿ, ಬುಟ್ಟಿಯಡಿಯಿಂದ ಒಂದು ಕರಿ ಹುಂಜವನ್ನು ಎತ್ತಿಕೊಂಡು ಬಂದಳು. ನಾನು 'ಇದೆ' ಎಂದು ಬರೆದೆ. ಪ್ರಶ್ನೆಯ ಕೆಳಗೆ, ಸಣ್ಣ ಅಕ್ಷರದಲ್ಲಿ, ಅವರದೇ ಕೈಯ ಇನ್ನೊಂದು ಸಾಲು ಇದೆ.

"ಇದ್ದರೆ ಮೊದಲ ಹನಿ ಅದಕ್ಕೆ."